ಹೆಸರು ಒಂದೇ, ಮನೆ ಬೇರೆ: ಅಂತರಜಾಲದಲ್ಲಿ ವಿಳಾಸ ಬದಲಾವಣೆ ತಡವಾಗುವುದೇಕೆ?

ಬಂಗಾರಪೇಟೆ ರೈಲು ನಿಲ್ದಾಣಕ್ಕೆ ರೈಲ್ವೆಯವರು ಕೊಟ್ಟಿರುವ ಸಂಕೇತಾಕ್ಷರಗಳು ಮೂರು: ಬಿ, ಡಬ್ಲ್ಯು, ಟಿ. ಮುಂಗಡವಾಗಿ ಕಾದಿರಿಸಿದ ಟಿಕೇಟುಗಳ ಮೇಲೆ ಇವನ್ನು ನಮ್ಮಲ್ಲಿ ಬಹುಮಂದಿ ಕಂಡಿರಬೇಕು. 'ಬಂಗಾರಪೇಟೆ' ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೂ ಅದರಲ್ಲಿ ಡಬ್ಲ್ಯು ಅಕ್ಷರಕ್ಕೆ ಎಡೆಯಿಲ್ಲ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿನಿಂದ ಈ ಊರು ಬಹುಕಾಲ 'ಬೌರಿಂಗ್‌ಪೇಟೆ' ಎನಿಸಿಕೊಂಡಿತ್ತು. 1894ರಲ್ಲಿ ಇಲ್ಲಿಂದ ಚಿನ್ನದ ಗಣಿಗಳ ಕಡೆಗೆ ಕವಲು ಹಾದಿ ತೆರೆದಾಗಲೂ ಇದ್ದುದು ಅದೇ ಹೆಸರು. ಮುಂದೆ ಊರಿನ ಹೆಸರು ಬದಲಾಯಿತು. ಸಂಕೇತ ಮಾತ್ರ ಇದ್ದಂತೆಯೇ ಉಳಿಯಿತು.

ಅಂತರಜಾಲದಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದ ವ್ಯವಹಾರ. ಅಲ್ಲಿ ಹೆಸರು ಸ್ಥಿರ, ಅದರ ಹಿಂದಿರುವ ಅಂಕಿ ಚಂಚಲ. ಒಂದು ವಿದ್ಯಾಸಂಸ್ಥೆಯ ಜಾಲತಾಣದ ಹೆಸರು ಹತ್ತಾರು ವರ್ಷ ಒಂದೇ ಆಗಿರಬಹುದು. ಆದರೆ ಆ ತಾಣವನ್ನು ಇರಿಸಿಕೊಂಡ ಯಂತ್ರ ಇಂದು ಮುಂಬಯಿಯಲ್ಲಿದ್ದು ನಾಳೆ ಸಿಂಗಪುರಕ್ಕೆ ಹೋಗಬಹುದು. ಯಂತ್ರ ಬದಲಾದಾಗ ಅಂಕಿಯೂ ಬದಲಾಗುತ್ತದೆ. ಹೀಗೆ ಬದಲಾದ ಸುದ್ದಿ ಲೋಕಕ್ಕೆಲ್ಲ ತಿಳಿಯಲು ತಡವಾಗುತ್ತದೆಂಬುದು ಶಾಲೆಯ ಗಣಕ ವಿಭಾಗವನ್ನು ನೋಡಿಕೊಳ್ಳುವ ಶಿಕ್ಷಕರಿಗೆಲ್ಲ ಅನುಭವವೇದ್ಯವಾದ ವಿಷಯ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ 'ಹೊಸ ತಾಣ ಬಹಳ ಚೆನ್ನಾಗಿದೆ' ಎಂದು ಅಭಿನಂದಿಸುತ್ತಿರುವಾಗಲೇ ಬೇತಮಂಗಲದ ಶಾಲಾ ಕಚೇರಿಯ ಗಣಕದಲ್ಲಿ ಹಳೆಯ ತಾಣವೇ ಕಾಣುತ್ತಿರುತ್ತದೆ. ಸೇವಾ ಕಂಪನಿಯವರನ್ನು ಕೇಳಿದರೆ 'ಹರಡುತ್ತಿದೆ, 24ರಿಂದ 48 ಗಂಟೆ ತಾಳಿ' ಎಂಬ ಉತ್ತರ ಬರುತ್ತದೆ.

ಈ 'ಹರಡುವುದು' ಎಂಬ ಮಾತೇ ಗೊಂದಲದ ಮೂಲವೆಂದು ನಮ್ಮ ಅಭಿಪ್ರಾಯ. ಆ ಮಾತನ್ನು ಕೇಳಿದವರು, ಹೊಸ ಅಂಕಿಯ ಸುದ್ದಿ ಜಾತ್ರೆಯ ಡಂಗುರದಂತೆ ಊರಿಂದೂರಿಗೆ ಸಾಗುತ್ತಿದೆ, ದೂರದ ಊರಿಗೆ ಇನ್ನೂ ತಲಪಿಲ್ಲ ಎಂದು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಹೊಸ ಸುದ್ದಿಯನ್ನು ಯಾರೂ ಯಾರಿಗೂ ಸಾರುತ್ತಿರುವುದಿಲ್ಲ. ಅಲ್ಲಲ್ಲಿ ಉಳಿದಿರುವ ಹಳೆಯ ಪ್ರತಿಗಳು ಒಂದೊಂದಾಗಿ ಅವಧಿ ಮುಗಿದು ಅಳಿಯುತ್ತಿರುತ್ತವೆ, ಅಷ್ಟೆ. ಈ ಒಂದು ಭೇದವನ್ನು ಮನಗಂಡರೆ, ವಿಳಂಬವೆಷ್ಟೆಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಬಹುಮಟ್ಟಿಗೆ ಅದನ್ನು ಕಡಮೆಯೂ ಮಾಡಿಕೊಳ್ಳಬಹುದು.

ಹೆಸರೂ ಅಂಕಿಯೂ

ಅಂತರಜಾಲಕ್ಕೆ ಸೇರಿದ ಯಂತ್ರಗಳು ಪರಸ್ಪರ ಗುರುತಿಸಿಕೊಳ್ಳುವುದು ಅಂಕಿಗಳಿಂದ. ಬಹುಕಾಲದಿಂದ ರೂಢಿಯಲ್ಲಿರುವ ಪದ್ಧತಿಯಲ್ಲಿ ಈ ಅಂಕಿಗೆ ನಾಲ್ಕು ಭಾಗ. ಪ್ರತಿ ಭಾಗವೂ 0ಯಿಂದ 255ರ ಒಳಗಿನ ಒಂದು ಸಂಖ್ಯೆ. ಇದನ್ನು ಐ.ಪಿ. ವಿಳಾಸವೆನ್ನುತ್ತಾರೆ. ಈ ಬಗೆಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವು ಸಾಲದೆ ಬಂದುದರಿಂದ ಇನ್ನೂ ಉದ್ದವಾದ ಮತ್ತೊಂದು ಪದ್ಧತಿಯೂ ಬಳಕೆಗೆ ಬಂದಿದೆ. ಮನುಷ್ಯನಿಗೆ ಇಂಥ ಅಂಕಿಗಳನ್ನು ನೆನಪಿಡುವುದು ದುಸ್ಸಾಧ್ಯ. ಆದಕಾರಣ ಅಂಕಿಗೊಂದು ಹೆಸರು, ಹೆಸರಿನಿಂದ ಅಂಕಿಯನ್ನು ಹುಡುಕಿಕೊಡಲು ಒಂದು ಏರ್ಪಾಡು ಬೇಕಾಯಿತು.

ಆರಂಭದಲ್ಲಿ ಈ ಏರ್ಪಾಡು ಅತ್ಯಂತ ಸರಳವಾಗಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ಕಚೇರಿಯೊಂದು ಎಲ್ಲ ಯಂತ್ರಗಳ ಹೆಸರು ಮತ್ತು ಅಂಕಿಗಳ ಒಂದೇ ಪಟ್ಟಿಯನ್ನು ಇಟ್ಟುಕೊಂಡಿತ್ತು. ಜಾಲಕ್ಕೆ ಸೇರಿದ ಪ್ರತಿಯೊಬ್ಬರೂ ಆ ಪಟ್ಟಿಯನ್ನು ಆಗಾಗ್ಗೆ ತಮ್ಮ ಯಂತ್ರಕ್ಕೆ ನಕಲು ಮಾಡಿಕೊಳ್ಳುತ್ತಿದ್ದರು. ಹಿಂದಿನ ಕಾಲದ ಟೆಲಿಫೋನ್ ಡೈರೆಕ್ಟರಿಯನ್ನು ನೆನೆದುಕೊಂಡರೆ ಇದರ ಗುಣದೋಷಗಳೆರಡೂ ತಿಳಿಯುತ್ತವೆ. ನೂರಾರು ಯಂತ್ರಗಳಿದ್ದಾಗ ನಡೆದ ಈ ಕ್ರಮ ಸಾವಿರಾರು ಯಂತ್ರಗಳಾದಾಗ ನಡೆಯದಾಯಿತು. ಪಟ್ಟಿ ಬೆಳೆಯಿತು, ಅದನ್ನು ನಕಲು ಮಾಡುವವರೂ ಬೆಳೆದರು, ಒಬ್ಬರ ಅಂಕಿ ಬದಲಾದರೂ ಎಲ್ಲರೂ ಇಡೀ ಪಟ್ಟಿಯನ್ನು ಮತ್ತೆ ತರಿಸಿಕೊಳ್ಳಬೇಕಾಯಿತು.

ಈ ತೊಡಕಿಗೆ ಪರಿಹಾರವನ್ನು ರೂಪಿಸಿದವರು ಪಾಲ್ ಮೊಕಪೆಟ್ರಿಸ್. ಅವರು 1983ರಲ್ಲಿ ಪ್ರಕಟಿಸಿದ, 1987ರಲ್ಲಿ ಪರಿಷ್ಕರಿಸಿದ ಯೋಜನೆಯೇ ಇಂದಿಗೂ ನಡೆಯುತ್ತಿರುವ ಡೊಮೇನ್ ಹೆಸರುಗಳ ವ್ಯವಸ್ಥೆ, ಸಂಕ್ಷೇಪವಾಗಿ ಡಿ.ಎನ್.ಎಸ್. ಇದರ ಸಾರ ಎರಡು ಮಾತಿನಲ್ಲಿ ಅಡಗಿದೆ. ಪಟ್ಟಿಯನ್ನು ಒಂದೇ ಕಡೆ ಇಡಬೇಡ, ಆಯಾ ಹೆಸರಿನ ಒಡೆಯನೇ ತನ್ನ ಭಾಗವನ್ನು ಇಟ್ಟುಕೊಳ್ಳಲಿ ಎಂಬುದು ಮೊದಲನೆಯದು. ಕೇಳಿ ತಿಳಿದವನು ಆ ಉತ್ತರವನ್ನು ಸ್ವಲ್ಪ ಕಾಲ ತನ್ನಲ್ಲಿ ಇಟ್ಟುಕೊಳ್ಳಲಿ, ಎಷ್ಟು ಕಾಲವೆಂಬುದನ್ನು ಉತ್ತರ ಕೊಟ್ಟವನೇ ಹೇಳಲಿ ಎಂಬುದು ಎರಡನೆಯದು. ನಮ್ಮ ಪ್ರಶ್ನೆಗೆ ಉತ್ತರವಿರುವುದು ಈ ಎರಡನೆಯ ಮಾತಿನಲ್ಲಿ.

ಒಂದು ಪ್ರಶ್ನೆಯ ಪಯಣ

ಅಂಚೆ ವಿಳಾಸವನ್ನು ನಾವು ಮನೆಯಿಂದ ಆರಂಭಿಸಿ ಊರು, ತಾಲ್ಲೂಕು, ಜಿಲ್ಲೆ ಎಂದು ಬರೆಯುತ್ತೇವೆ. ಆದರೆ ಕಾಗದವನ್ನು ವಿಂಗಡಿಸುವ ಅಂಚೆಯ ನೌಕರನು ಅದನ್ನು ಕೊನೆಯಿಂದ ಓದುತ್ತಾನೆ. 1972ರಲ್ಲಿ ಪಿನ್ ಕೋಡು ಬಂದ ಮೇಲಂತೂ 563 ಎಂದು ಆರಂಭವಾಗುವ ಅಂಕಿಯನ್ನು ಕಂಡೊಡನೆ ಕಾಗದ ಕೋಲಾರದ ಕಡೆಯ ಚೀಲಕ್ಕೆ ಬೀಳುತ್ತದೆ; ಬೀದಿ ಯಾವುದು, ಮನೆ ಯಾವುದು ಎಂಬ ವಿಚಾರ ಆ ಹಂತದಲ್ಲಿ ಅನಾವಶ್ಯಕ. ಡೊಮೇನ್ ಹೆಸರನ್ನು ಯಂತ್ರವು ಓದುವ ಕ್ರಮವೂ ಇದೇ. 'ಕರ್ನಾಟಕ.ಗವ್.ಇನ್' ಎಂಬ ಹೆಸರಿನಲ್ಲಿ ಅದು ಮೊದಲು ನೋಡುವುದು ಕೊನೆಯ 'ಇನ್' ಎಂಬುದನ್ನು, ಬಳಿಕ 'ಗವ್' ಎಂಬುದನ್ನು, ಆಮೇಲೆ 'ಕರ್ನಾಟಕ' ಎಂಬುದನ್ನು.

ವಿದ್ಯಾರ್ಥಿಯೊಬ್ಬ ತನ್ನ ಮೊಬೈಲಿನಲ್ಲಿ ಈ ಹೆಸರನ್ನು ಬರೆದನೆನ್ನೋಣ. ಮೊಬೈಲು ತಾನೇ ಲೋಕವನ್ನೆಲ್ಲ ಸುತ್ತುವುದಿಲ್ಲ. ಅದು ತನಗೆ ಅಂತರಜಾಲ ಸಂಪರ್ಕ ಒದಗಿಸಿದ ಕಂಪನಿಯ ಒಂದು ಸರ್ವರನ್ನು ಕೇಳುತ್ತದೆ. ಇತರರ ಪರವಾಗಿ ವಿಚಾರಿಸಿ ಬರುವ ಈ ಸರ್ವರಿಗೆ ರಿಸಾಲ್ವರ್ ಎಂದು ಹೆಸರು. ನಾವು ಇಲ್ಲಿ 'ವಿಚಾರಣಾ ಸರ್ವರ್' ಎಂದು ಕರೆಯೋಣ. ವಿಚಾರಣಾ ಸರ್ವರಿಗೆ ಏನೂ ತಿಳಿಯದಿದ್ದರೆ ಅದು ಮೊದಲು ರೂಟ್ ಸರ್ವರುಗಳಲ್ಲಿ ಒಂದನ್ನು ಕೇಳುತ್ತದೆ. ಇವಕ್ಕೆ ಜಗತ್ತಿನಲ್ಲಿ 13 ಹೆಸರುಗಳಿವೆ. ಆ ಹೆಸರುಗಳ ಹಿಂದೆ ಸಾವಿರಕ್ಕೂ ಮಿಕ್ಕ ಯಂತ್ರಗಳು ಬೇರೆ ಬೇರೆ ದೇಶಗಳಲ್ಲಿವೆ. ರೂಟ್ ಸರ್ವರು 'ಕರ್ನಾಟಕದ ವಿಷಯ ನನಗೆ ಗೊತ್ತಿಲ್ಲ, ಇನ್ ಎಂಬುದನ್ನು ನೋಡಿಕೊಳ್ಳುವವರು ಇಂಥವರು' ಎಂದು ಕೈತೋರಿಸುತ್ತದೆ. ಭಾರತದ ಗುರುತಾದ 'ಇನ್' 1989ರಿಂದ ಇದ್ದು, 2005ರಿಂದ ಅದರ ಆಡಳಿತ ನಿಕ್ಸಿ ಎಂಬ ಸಂಸ್ಥೆಗೆ ಸೇರಿದೆ. ಅಲ್ಲಿಂದ 'ಗವ್', ಅಲ್ಲಿಂದ 'ಕರ್ನಾಟಕ' ಎಂದು ಮೆಟ್ಟಿಲಿಳಿದು, ಕಡೆಗೆ ಆ ಹೆಸರಿನ ಅಧಿಕೃತ ದಾಖಲೆಯನ್ನು ಇಟ್ಟುಕೊಂಡ ಸರ್ವರಿನಿಂದ ಅಂಕಿ ದೊರೆಯುತ್ತದೆ. ಈ ಕೊನೆಯದನ್ನು 'ಮೂಲ ಸರ್ವರ್' ಎನ್ನೋಣ.

ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆದರೂ ಕೋಟ್ಯಂತರ ಜನ ಪ್ರತಿ ಸಲವೂ ಹೀಗೆಯೇ ಮೇಲಿನಿಂದ ಕೆಳಗಿನವರೆಗೆ ಕೇಳುತ್ತ ಹೋದರೆ ಮೇಲಿನ ಮೆಟ್ಟಿಲಿನ ಸರ್ವರುಗಳು ಕುಸಿದು ಬೀಳಬೇಕಾಗುತ್ತದೆ. ಆದಕಾರಣ ವಿಚಾರಣಾ ಸರ್ವರು ತಾನು ತಂದ ಉತ್ತರದ ಒಂದು ಪ್ರತಿಯನ್ನು ಇಟ್ಟುಕೊಂಡು, ಮುಂದೆ ಅದನ್ನೇ ಕೇಳಿದವರಿಗೆಲ್ಲ ಅದರಿಂದಲೇ ಹೇಳುತ್ತದೆ. ಮೂಲ ಸರ್ವರು ಕೊಟ್ಟ ಪ್ರತಿ ಉತ್ತರದ ಜೊತೆಗೂ ಸೆಕೆಂಡುಗಳಲ್ಲಿ ಬರೆದ ಒಂದು ಅವಧಿ ಇರುತ್ತದೆ. ಟಿ.ಟಿ.ಎಲ್. ಎಂದು ಕರೆಯುವ ಈ ಅವಧಿ 300 ಎಂದಿದ್ದರೆ ಐದು ನಿಮಿಷ, 3600 ಎಂದಿದ್ದರೆ ಒಂದು ಗಂಟೆ, 86400 ಎಂದಿದ್ದರೆ ಒಂದು ದಿನ. ಅವಧಿ ಮುಗಿಯುವವರೆಗೆ ವಿಚಾರಣಾ ಸರ್ವರು ಮತ್ತೆ ಮೂಲದ ಬಳಿಗೆ ಹೋಗುವುದಿಲ್ಲ. ಅಷ್ಟರಲ್ಲಿ ಮೂಲದಲ್ಲಿ ಅಂಕಿ ಬದಲಾಗಿದೆಯೆ, ಇಲ್ಲವೆ ಎಂದು ವಿಚಾರಿಸುವ ಹೊಣೆಯೂ ಅದಕ್ಕಿಲ್ಲ.

ಸಂಪಿನ ನೀರು

ಇದನ್ನು ಬೇರೆ ಕಡೆಯವರಿಗಿಂತ ನಮ್ಮ ಸೀಮೆಯವರು ಬೇಗ ಗ್ರಹಿಸಬಲ್ಲರು. ಬೇತಮಂಗಲದ ಬಳಿ ಪಾಲಾರ್ ನದಿಗೆ ಕಟ್ಟಿದ ಕೆರೆಯ ನೀರನ್ನು ಶೋಧಿಸಿ, ಪಂಪಿನಿಂದ ಏರಿಸಿ, ಕೊಳವೆಗಳ ಮೂಲಕ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಒಯ್ಯುವ ಏರ್ಪಾಡು ಬ್ರಿಟಿಷರ ಕಾಲದ್ದು. 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು. ನೀರಿನ ಚಿಂತೆ ಮಾತ್ರ ಮುಚ್ಚಲಿಲ್ಲ. ಈ ಭಾಗದಲ್ಲಿ ನಲ್ಲಿಯಲ್ಲಿ ದಿನವೆಲ್ಲ ನೀರು ಬರುತ್ತದೆಂದು ಯಾರೂ ನೆಚ್ಚಿಕೊಳ್ಳುವುದಿಲ್ಲ. ಬಂದಾಗ ಹಿಡಿದಿಡಬೇಕು. ಉಳ್ಳವರ ಮನೆಯಲ್ಲಿ ನೆಲದಡಿಯ ಸಂಪು, ಮಾಳಿಗೆಯ ಮೇಲೆ ಟ್ಯಾಂಕು. ಸಾಲುಮನೆಗಳಲ್ಲಿ ನೀಲಿ ಡ್ರಮ್ಮು, ಹಂಡೆ, ಬಿಂದಿಗೆಗಳ ಸಾಲು.

ಈಗ ಕೊಳವೆಗೆ ಹಳೆಯ ಮೂಲದ ಬದಲು ಹೊಸ ಮೂಲದ ನೀರನ್ನು ಬಿಟ್ಟರೆಂದು ಕಲ್ಪಿಸಿಕೊಳ್ಳೋಣ. ಕವಾಟವನ್ನು ತಿರುಗಿಸಿದ್ದು ಕ್ಷಣಮಾತ್ರದ ಕೆಲಸ. ಆದರೆ ಯಾವ ಮನೆಗೆ ಹೊಸ ನೀರು ಯಾವಾಗ? ಬಿಂದಿಗೆಯ ಮನೆಗೆ ಅಂದೇ, ಡ್ರಮ್ಮಿನ ಮನೆಗೆ ಮರುದಿನ, ದೊಡ್ಡ ಸಂಪಿನ ಮನೆಗೆ ನಾಲ್ಕಾರು ದಿನದ ಮೇಲೆ. ಅಕ್ಕಪಕ್ಕದ ಎರಡು ಮನೆಯವರು ಒಂದೇ ದಿನ ಬೇರೆ ಬೇರೆ ನೀರು ಕುಡಿಯುತ್ತಿರಬಹುದು. ನೀರಗಂಟಿಯನ್ನು ಕರೆದು 'ನಮಗೇಕೆ ಹೊಸ ನೀರು ಬಂದಿಲ್ಲ' ಎಂದು ಕೇಳಿದರೆ ಅವನೇನು ಮಾಡಿಯಾನು? ಹೊಸ ನೀರು ಬಾಗಿಲವರೆಗೆ ಬಂದಿದೆ. ಸಂಪಿನಲ್ಲಿ ಹಳೆಯದು ಇನ್ನೂ ತುಂಬಿದೆ.

ಉಪಮಾನ ಒಂದು ಕಡೆ ಕುಂಟುತ್ತದೆಂಬುದನ್ನೂ ಹೇಳಬೇಕು. ಸಂಪಿನ ನೀರು ಬಳಸಿದಷ್ಟೂ ಬೇಗ ಮುಗಿಯುತ್ತದೆ, ಡಿ.ಎನ್.ಎಸ್. ಪ್ರತಿ ಬಳಕೆಯಿಂದ ಸವೆಯುವುದಿಲ್ಲ, ಗಡಿಯಾರದಿಂದ ಮಾತ್ರ ಸವೆಯುತ್ತದೆ. ಆದ್ದರಿಂದ ಪುಟವನ್ನು ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ತೆರೆದು ನೋಡುವುದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಒಂದು ಲೆಕ್ಕವನ್ನು ನೋಡೋಣ. ಶಾಲೆಯ ಹೆಸರಿಗೆ ಟಿ.ಟಿ.ಎಲ್. 86400, ಅಂದರೆ ಒಂದು ದಿನ. ಸೋಮವಾರ ಬೆಳಿಗ್ಗೆ 10 ಗಂಟೆಗೆ ಮೂಲ ಸರ್ವರಿನಲ್ಲಿ ಅಂಕಿ ಬದಲಾಯಿತು. ಭಾನುವಾರ ಬೆಳಿಗ್ಗೆ 10 ಗಂಟೆ 5 ನಿಮಿಷಕ್ಕೆ ಪ್ರತಿ ತೆಗೆದುಕೊಂಡಿದ್ದ ವಿಚಾರಣಾ ಸರ್ವರು ಬದಲಾವಣೆಯಾದ ಐದೇ ನಿಮಿಷಕ್ಕೆ ಹಳೆಯದನ್ನು ಬಿಸುಟು, ಮುಂದೆ ಯಾರಾದರೂ ಕೇಳಿದೊಡನೆ ಹೊಸದನ್ನು ತರುತ್ತದೆ. ಸೋಮವಾರ 9 ಗಂಟೆ 59 ನಿಮಿಷಕ್ಕೆ ತೆಗೆದುಕೊಂಡದ್ದು ಮಂಗಳವಾರ 9 ಗಂಟೆ 59ರವರೆಗೆ ಹಳೆಯ ಅಂಕಿಯನ್ನೇ ಹೇಳುತ್ತಿರುತ್ತದೆ. ಇವೆರಡೂ ಬೆಂಗಳೂರಿನ ಒಂದೇ ಕಟ್ಟಡದಲ್ಲಿರಬಹುದು. ದೂರಕ್ಕೂ ವಿಳಂಬಕ್ಕೂ ಸಂಬಂಧವಿಲ್ಲವೆಂಬುದು ಇದರಿಂದ ಸ್ಪಷ್ಟ. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿ ಹೊಸ ತಾಣವನ್ನು ಮೊದಲು ಕಂಡು, ಬೇತಮಂಗಲದ ಮುಖ್ಯೋಪಾಧ್ಯಾಯರು ಕಡೆಗೆ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಮೆರಿಕದ ಆ ಊರಿನಲ್ಲಿ ಇತ್ತೀಚೆಗೆ ಯಾರೂ ಈ ಹೆಸರನ್ನು ಕೇಳಿಯೇ ಇರುವುದಿಲ್ಲ. ಅಲ್ಲಿ ಹಳೆಯ ಪ್ರತಿಯೇ ಇಲ್ಲ. ಶಾಲೆಯ ಕಚೇರಿಯಲ್ಲಾದರೋ ಬೆಳಗಾದರೆ ಮೊದಲು ತೆರೆಯುವುದೇ ಆ ತಾಣ.

ಲೆಕ್ಕಕ್ಕೆ ಸಿಗದ ಕೆಲವು ಪ್ರತಿಗಳು

ವಿಚಾರಣಾ ಸರ್ವರಿನಲ್ಲಿ ಮಾತ್ರ ಪ್ರತಿ ಇರುತ್ತದೆಂದು ತಿಳಿಯಬಾರದು. ಮನೆಯ ವೈಫೈ ಪೆಟ್ಟಿಗೆ, ಗಣಕದ ಕಾರ್ಯನಿರ್ವಹಣಾ ವ್ಯವಸ್ಥೆ, ಜಾಲವನ್ನು ತೋರಿಸುವ ಬ್ರೌಸರು, ಎಲ್ಲವೂ ತಮ್ಮ ತಮ್ಮ ಬಿಂದಿಗೆ ತುಂಬಿಸಿಕೊಂಡಿರುತ್ತವೆ. ಗಣಕವನ್ನೂ ವೈಫೈ ಪೆಟ್ಟಿಗೆಯನ್ನೂ ಒಮ್ಮೆ ಆರಿಸಿ ಹಚ್ಚಿದರೆ ಈ ಬಿಂದಿಗೆಗಳು ಸಾಮಾನ್ಯವಾಗಿ ಖಾಲಿಯಾಗುತ್ತವೆ. ಕಂಪನಿಯ ಸಂಪು ಖಾಲಿಯಾಗುವುದಿಲ್ಲ. ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಕಂಪನಿಗಳ ಸಾರ್ವಜನಿಕ ವಿಚಾರಣಾ ಸರ್ವರುಗಳಲ್ಲಿ ಮಾತ್ರ, ಒಂದು ಹೆಸರಿನ ಹಳೆಯ ಪ್ರತಿಯನ್ನು ಅಳಿಸುವಂತೆ ಯಾರು ಬೇಕಾದರೂ ಕೋರಲು ಅವಕಾಶವಿದೆ. ಇನ್ನು ಕೆಲವು ವಿಚಾರಣಾ ಸರ್ವರುಗಳು ಒಡೆಯನು ಹೇಳಿದ ಅವಧಿ ತೀರ ಚಿಕ್ಕದೆನಿಸಿದರೆ ತಾವೇ ಅದನ್ನು ಹಿಗ್ಗಿಸಿಕೊಳ್ಳುವುದುಂಟು. ಹೀಗೆ ಮಾಡುವುದು ಸಾಧುವಲ್ಲವಾದರೂ ಲೋಕದಲ್ಲಿ ನಡೆಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಮೇಲಿನ ಮೆಟ್ಟಿಲಿನ ಪ್ರತಿ. ಅಂಕಿಯನ್ನಷ್ಟೇ ಬದಲಾಯಿಸಿದರೆ ಅವಧಿ ನಮ್ಮ ಕೈಯಲ್ಲಿದೆ. ಆದರೆ ಮೂಲ ಸರ್ವರನ್ನೇ ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಿದರೆ, 'ಈ ಹೆಸರಿನ ಮೂಲ ಸರ್ವರು ಇಂಥದು' ಎಂದು ಮೇಲಿನವರು ಕೊಟ್ಟ ದಾಖಲೆಯೂ ಬದಲಾಗಬೇಕು. ಅದರ ಅವಧಿ ನಮ್ಮ ಕೈಯಲ್ಲಿಲ್ಲ. 'ಕಾಂ' ಎಂದು ಕೊನೆಯಾಗುವ ಹೆಸರುಗಳಿಗೆ ಈ ಅವಧಿ 172800 ಸೆಕೆಂಡು, ಅಂದರೆ ಸರಿಯಾಗಿ ಎರಡು ದಿನ. ಎಲ್ಲರೂ ಹೇಳುವ 48 ಗಂಟೆಗೆ ಇರುವ ದೃಢವಾದ ಆಧಾರ ಇದೇ. ಉಳಿದ ಸಂದರ್ಭಗಳಲ್ಲಿ ಆ ಮಾತನ್ನು ಹೇಳುವುದು ಬಹುಮಟ್ಟಿಗೆ ಗ್ರಾಹಕನನ್ನು ಸಮಾಧಾನಪಡಿಸುವ ರೂಢಿಯೆಂದೇ ಹೇಳಬೇಕು.

'ಇಲ್ಲ' ಎಂಬ ಉತ್ತರಕ್ಕೂ ಪ್ರತಿಯಿರುತ್ತದೆಂಬುದು ಬಹುಮಂದಿಗೆ ತಿಳಿಯದು. ಹೆಸರನ್ನು ಇನ್ನೂ ಸ್ಥಾಪಿಸುವ ಮೊದಲೇ ಯಾರಾದರೂ ಅದನ್ನು ಕೇಳಿದರೆ 'ಅಂಥ ಹೆಸರಿಲ್ಲ' ಎಂಬ ಉತ್ತರ ಬರುತ್ತದೆ. ವಿಚಾರಣಾ ಸರ್ವರು ಅದನ್ನೂ ಬರೆದಿಟ್ಟುಕೊಳ್ಳುತ್ತದೆ. 1998ರಲ್ಲಿ ಪ್ರಕಟವಾದ ನಿಯಮಾವಳಿ ಇಂಥ ಉತ್ತರಗಳನ್ನು ಒಂದರಿಂದ ಮೂರು ಗಂಟೆ ಇಟ್ಟುಕೊಳ್ಳುವುದು ಯುಕ್ತವೆಂದೂ, ಒಂದು ದಿನವನ್ನು ಮೀರಿದರೆ ತೊಂದರೆಯೆಂದೂ ಹೇಳುತ್ತದೆ. ವಾರ್ಷಿಕೋತ್ಸವದ ಆಹ್ವಾನಪತ್ರಿಕೆಯಲ್ಲಿ ಹೊಸ ತಾಣದ ಹೆಸರನ್ನು ಅಚ್ಚು ಹಾಕಿಸಿ ಹಂಚಿದ ಮೇಲೆ ಹೆಸರನ್ನು ಸ್ಥಾಪಿಸಲು ಹೊರಡುವವರು ಇದನ್ನು ಗಮನಿಸಬೇಕು. ಉತ್ಸಾಹದಿಂದ ಮೊದಲೇ ನೋಡಿದವರಿಗೇ ತಾಣ ತಡವಾಗಿ ಕಾಣುತ್ತದೆ.

ಮೂಲ ಸರ್ವರು ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಒಂದು ಕೆಟ್ಟರೂ ಇನ್ನೊಂದು ಉತ್ತರಿಸಲೆಂದು ಎರಡು ಮೂರು ಇರುತ್ತವೆ. ಒಂದರಲ್ಲಿ ತಿದ್ದಿದ್ದನ್ನು ಉಳಿದವು ನಕಲು ಮಾಡಿಕೊಳ್ಳಬೇಕು. ದಾಖಲೆಗೊಂದು ಕ್ರಮಸಂಖ್ಯೆಯಿದ್ದು, ಅದು ಹೆಚ್ಚಾದರೆ ಮಾತ್ರ ಉಳಿದವು ಹೊಸದಿದೆಯೆಂದು ತಿಳಿಯುತ್ತವೆ. ಕೈಯಿಂದ ತಿದ್ದುವವರು ಕ್ರಮಸಂಖ್ಯೆಯನ್ನು ಹೆಚ್ಚಿಸಲು ಮರೆತರೆ ಒಂದು ಸರ್ವರು ಹೊಸದನ್ನೂ ಮತ್ತೊಂದು ಹಳೆಯದನ್ನೂ ಹೇಳುತ್ತ ಕೂರುತ್ತವೆ. ಇಲ್ಲಿ 48 ಗಂಟೆಯಲ್ಲ, 48 ದಿನ ಕಾದರೂ ಪ್ರಯೋಜನವಿಲ್ಲ.

ಹೀಗೇಕೆ ಏರ್ಪಡಿಸಿದರು?

ಅಂಕಿ ಬದಲಾದೊಡನೆ ಮೂಲ ಸರ್ವರೇ ಎಲ್ಲರಿಗೂ ಹೇಳಿಕಳುಹಿಸಬಾರದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು, ಯೋಗ್ಯವಾದ ಪ್ರಶ್ನೆ. ಹೇಳಿಕಳುಹಿಸಬೇಕಾದರೆ ಯಾರು ಯಾರು ಪ್ರತಿ ತೆಗೆದುಕೊಂಡಿದ್ದಾರೆಂಬ ಪಟ್ಟಿ ಬೇಕು. ಅಂಥ ಪಟ್ಟಿಯನ್ನು ಯಾರೂ ಇಡುವುದಿಲ್ಲ. ಇಟ್ಟರೆ ಸ್ಟ್ಯಾನ್‌ಫರ್ಡ್ ಕಚೇರಿಗೆ ಬಂದ ಕಷ್ಟ ಸಾವಿರ ಪಾಲಾಗಿ ಮರಳಿ ಬರುತ್ತದೆ. ಅದರ ಬದಲು ಪ್ರತಿಗೆ ಆಯುಸ್ಸನ್ನು ಕಟ್ಟಿ ಕಳುಹಿಸುವುದು ಸುಲಭ. ಪ್ರತಿ ಎಲ್ಲಿಗೆ ಹೋದರೂ ತನ್ನ ಕಾಲಕ್ಕೆ ತಾನೇ ಅಳಿಯುತ್ತದೆ, ಹಿಂಬಾಲಿಸುವ ಅಗತ್ಯವಿಲ್ಲ. ಹೆಸರುಗಳ ಸಂಖ್ಯೆ ಸಾವಿರಗಳಿಂದ ಕೋಟಿಗಳಿಗೆ ಏರಿದರೂ ನಾಲ್ಕು ದಶಕ ಈ ಏರ್ಪಾಡು ಮುರಿಯದೆ ನಿಂತಿರುವುದು ಇದರಿಂದಲೇ.

ಹಾಗಾದರೆ ಎಲ್ಲರೂ ಅವಧಿಯನ್ನು ಐದು ನಿಮಿಷವೆಂದೇ ಇಟ್ಟುಕೊಂಡರಾಗದೆ? ಅದರಲ್ಲಿಯೂ ಅಪಾಯವಿದೆ. ಪಂಪು ಕೆಟ್ಟ ದಿನ ಬಿಂದಿಗೆಯ ಮನೆಯವರು ಮಧ್ಯಾಹ್ನಕ್ಕೇ ಬೀದಿಗೆ ಬರುತ್ತಾರೆ, ಸಂಪಿನ ಮನೆಯವರು ಮೂರು ದಿನ ನಿಶ್ಚಿಂತರು. 2021ರ ಅಕ್ಟೋಬರ್ 4ರ ರಾತ್ರಿ ನಮ್ಮ ಕಾಲಮಾನ ಒಂಬತ್ತು ಗಂಟೆ ದಾಟಿದ ಮೇಲೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ಮಾಯವಾದದ್ದು ವಾಚಕರಿಗೆ ನೆನಪಿರಬಹುದು. ಆ ಕಂಪನಿಯ ಜಾಲದಲ್ಲಿ ನಡೆದ ಒಂದು ದೋಷದಿಂದ ಅದರ ಮೂಲ ಸರ್ವರುಗಳಿಗೆ ಹೋಗುವ ದಾರಿಯೇ ಅಳಿಸಿಹೋಗಿತ್ತು. ಅವರ ಹೆಸರುಗಳ ಅವಧಿ ಚಿಕ್ಕದಾಗಿದ್ದುದರಿಂದ ಲೋಕದಲ್ಲಿದ್ದ ಪ್ರತಿಗಳೆಲ್ಲ ನಿಮಿಷಗಳಲ್ಲಿ ಅಳಿದವು. ಹೊಸ ಪ್ರತಿ ಕೊಡಲು ಮೂಲವಿಲ್ಲ. ಸುಮಾರು ಆರು ಗಂಟೆ ಕಾಲ ಆ ಹೆಸರುಗಳು ಇಲ್ಲದಂತೆಯೇ ಆದವು. ಅಂದು ದಾರಿಯೇ ಕಡಿದಿದ್ದುದರಿಂದ ಪ್ರತಿ ಉಳಿದಿದ್ದರೂ ಅವರಿಗೆ ಹೆಚ್ಚು ಫಲವಿರುತ್ತಿರಲಿಲ್ಲವೆಂಬುದು ನಿಜ. ಆದರೆ ಮೂಲ ಸರ್ವರು ಮಾತ್ರ ಕೆಟ್ಟು ಜಾಲತಾಣ ಸುಸ್ಥಿತಿಯಲ್ಲಿರುವ ಸಾಮಾನ್ಯ ಪ್ರಸಂಗದಲ್ಲಿ ದೀರ್ಘಾವಧಿಯ ಪ್ರತಿಯೇ ಸಂಸ್ಥೆಯನ್ನು ಕಾಯುತ್ತದೆ. ಮೂಲವು ಉತ್ತರಿಸದಿದ್ದಾಗ ಅವಧಿ ಮೀರಿದ ಪ್ರತಿಯನ್ನೇ ಕೊಡಬಹುದೆಂದು 2020ರ ನಿಯಮವೊಂದು ವಿಚಾರಣಾ ಸರ್ವರುಗಳಿಗೆ ಅನುಮತಿಯನ್ನೂ ನೀಡಿದೆ.

ವಿದ್ಯಾಸಂಸ್ಥೆಗಳು ಗಮನಿಸಬೇಕಾದದ್ದು

ಶಾಲೆಯ ಜಾಲತಾಣ ಇಂದು ಕೇವಲ ಅಲಂಕಾರವಲ್ಲ. ಪ್ರವೇಶದ ಅರ್ಜಿ, ದಾನಿಗಳ ಪತ್ರ, ಹಳೆಯ ವಿದ್ಯಾರ್ಥಿಗಳ ವಿಚಾರಣೆ, ಪರೀಕ್ಷೆಯ ಸೂಚನೆ, ಎಲ್ಲವೂ ಆ ಹೆಸರನ್ನು ಆಶ್ರಯಿಸಿವೆ. ಆದುದರಿಂದ ಬದಲಾವಣೆಯನ್ನು ಮೇ ತಿಂಗಳಿನ ಪ್ರವೇಶದ ಗಡಿಬಿಡಿಯಲ್ಲಿ ಮಾಡದೆ ದಸರಾ ರಜೆಯಂಥ ಬಿಡುವಿನಲ್ಲಿ ಇಟ್ಟುಕೊಳ್ಳುವುದು ಲೇಸು.

ಕ್ರಮ ಕಷ್ಟದ್ದಲ್ಲ. ಹಿಂದಿನ ಲೆಕ್ಕವನ್ನೇ ಮುಂದುವರಿಸೋಣ. ಭಾನುವಾರ ಅಂಕಿಯನ್ನು ಬದಲಾಯಿಸಬೇಕೆಂದಿದ್ದರೆ ಶುಕ್ರವಾರ ಬೆಳಿಗ್ಗೆ 10 ಗಂಟೆಗೇ ಅವಧಿಯನ್ನು ಮಾತ್ರ 86400ರಿಂದ 300ಕ್ಕೆ ಇಳಿಸಬೇಕು, ಅಂಕಿಯನ್ನು ಮುಟ್ಟಬಾರದು. ಶುಕ್ರವಾರ 9 ಗಂಟೆ 59ಕ್ಕೆ ಹಳೆಯ ಅವಧಿಯೊಡನೆ ಪ್ರತಿ ತೆಗೆದುಕೊಂಡವರು ಶನಿವಾರ 9 ಗಂಟೆ 59ರವರೆಗೆ ಅದನ್ನು ಇಟ್ಟುಕೊಳ್ಳುತ್ತಾರೆ. ಶನಿವಾರ 10 ಗಂಟೆಯ ನಂತರ, ನಿಯಮವನ್ನು ಪಾಲಿಸುವ ಯಾರ ಬಳಿಯಲ್ಲೂ ಐದು ನಿಮಿಷಕ್ಕಿಂತ ದೀರ್ಘವಾದ ಪ್ರತಿ ಇರುವುದಿಲ್ಲ. ಭಾನುವಾರ ಅಂಕಿ ಬದಲಾಯಿಸಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಎಲ್ಲವೂ ಸರಿಯೆಂದು ಕಂಡ ಮೇಲೆ ಅವಧಿಯನ್ನು ಮತ್ತೆ ಏರಿಸಬೇಕು. ಅಂಕಿಯನ್ನು ಬದಲಾಯಿಸುವ ಕ್ಷಣದಲ್ಲೇ ಅವಧಿಯನ್ನೂ ಇಳಿಸಿ ನಿಟ್ಟುಸಿರು ಬಿಡುವವರನ್ನು ನಾವು ಕಂಡಿದ್ದೇವೆ. ಸಂಪು ತುಂಬಿದ ಮೇಲೆ ಚಿಕ್ಕ ಸಂಪಿನ ನಕ್ಷೆ ಬರೆದಂತೆ ಅದು.

ಹಳೆಯ ಯಂತ್ರವನ್ನು ಕೂಡಲೇ ಮುಚ್ಚಿಸಬಾರದು. ಬಾಡಿಗೆ ಉಳಿಯುತ್ತದೆಂದು ಅಂದೇ ನಿಲ್ಲಿಸಿದರೆ ಹಳೆಯ ಪ್ರತಿಯನ್ನು ಹಿಡಿದು ಬಂದವರಿಗೆ ಬಾಗಿಲು ಮುಚ್ಚಿದಂತೆ. ಒಂದು ವಾರವಾದರೂ ಹಳೆಯ ಮನೆಯಲ್ಲಿ ದೀಪವಿರಲಿ.

ಅಂಚೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಿಂಚಂಚೆಯನ್ನು ಸ್ವೀಕರಿಸುವ ಸರ್ವರು ಯಾವುದೆಂಬುದಕ್ಕೂ ಡಿ.ಎನ್.ಎಸ್.ನಲ್ಲಿ ಬೇರೊಂದು ದಾಖಲೆಯಿದೆ. ಅದಕ್ಕೂ ಇದೇ ನಿಯಮ. ಅಂಚೆ ಸರ್ವರು ಉತ್ತರಿಸದೆ ಸುಮ್ಮನಿದ್ದರೆ ಕಳುಹಿಸಿದವರ ಯಂತ್ರವು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಪತ್ರ ಕಳೆದುಹೋಗುವುದಿಲ್ಲ. ಆದರೆ ಹಳೆಯ ಸರ್ವರು ಎಚ್ಚರವಾಗಿದ್ದು, ಅದರಲ್ಲಿನ ಖಾತೆಗಳನ್ನು ಮಾತ್ರ ಅಳಿಸಿಬಿಟ್ಟಿದ್ದರೆ 'ಈ ಹೆಸರಿನವರು ಇಲ್ಲಿಲ್ಲ' ಎಂದು ಖಂಡಿತವಾಗಿ ಹೇಳಿ ಪತ್ರವನ್ನು ಹಿಂದಿರುಗಿಸುತ್ತದೆ. ದಾನಿಯೊಬ್ಬರ ಪತ್ರ ಹೀಗೆ ಹಿಂದಿರುಗಿದರೆ ಅವರು ಏನೆಂದು ತಿಳಿದಾರು? ಆದಕಾರಣ ಹಳೆಯ ಖಾತೆಗಳನ್ನು ಕೆಲವು ದಿನ ಉಳಿಸಿಕೊಂಡು ಅಲ್ಲಿಗೆ ಬಂದ ಪತ್ರಗಳನ್ನೂ ನೋಡುತ್ತಿರಬೇಕು.

ಇಲ್ಲಿಯವರೆಗೆ ಹೇಳಿದ್ದು ಹೆಸರು ಉಳಿದು ಅಂಕಿ ಬದಲಾಗುವ ಮಾತು. ಬೌರಿಂಗ್‌ಪೇಟೆ ಬಂಗಾರಪೇಟೆಯಾದಂತೆ ಹೆಸರೇ ಬದಲಾಗುವುದೂ ಉಂಟು. ರಾಜ್ಯ ಸರ್ಕಾರದ ಹಲವು ಇಲಾಖೆಗಳು 'ಕರ್.ನಿಕ್.ಇನ್' ಎಂಬ ಹಳೆಯ ಗುರುತಿನಿಂದ 'ಕರ್ನಾಟಕ.ಗವ್.ಇನ್' ಎಂಬುದಕ್ಕೆ ಬಂದವು. 2022ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಹೋಗಿ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಬಂದಾಗ ಶಿಕ್ಷಕರು ಹೊಸ ಹೆಸರನ್ನು ರೂಢಿಸಿಕೊಳ್ಳಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು, ಆ ವರ್ಷದ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ 'ಬ್ಯಾಂಕ್.ಇನ್' ಎಂದು ಕೊನೆಯಾಗುವ ಹೆಸರುಗಳಿಗೆ ಸಾಗಬೇಕೆಂದು ಆದೇಶಿಸಿತು. ವಂಚಕರು ಬ್ಯಾಂಕಿನದೆಂಬಂತೆ ತೋರುವ ಹೆಸರು ಕೊಂಡು ಜನರನ್ನು ಮೋಸಗೊಳಿಸುವುದನ್ನು ತಡೆಯುವುದು ಇದರ ಉದ್ದೇಶ. ಈ ಹೆಸರುಗಳನ್ನು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಐ.ಡಿ.ಆರ್.ಬಿ.ಟಿ. ಸಂಸ್ಥೆಗೆ ಮಾತ್ರ ಇದೆ.

ಹೆಸರೇ ಬದಲಾದಾಗ ಟಿ.ಟಿ.ಎಲ್. ನೆರವಿಗೆ ಬರುವುದಿಲ್ಲ. ಯಂತ್ರದ ಪ್ರತಿಗೆ ಆಯುಸ್ಸುಂಟು. ರಸೀತಿ ಪುಸ್ತಕದಲ್ಲಿ, ಗೋಡೆಯ ಫಲಕದಲ್ಲಿ, ಇಂಥ ಸಂಚಿಕೆಯ ಪುಟಗಳಲ್ಲಿ ಅಚ್ಚಾದ ಹೆಸರಿಗೆ ಅಂಥ ಆಯುಸ್ಸಿಲ್ಲ. ಇಪ್ಪತ್ತು ವರ್ಷದ ಹಿಂದಿನ ಸಂಚಿಕೆಯನ್ನು ತೆರೆದು ಅದರಲ್ಲಿರುವ ವಿಳಾಸಕ್ಕೆ ಹಣ ಕಳುಹಿಸಲು ಹೊರಡುವ ಹಿರಿಯರು ಇದ್ದೇ ಇರುತ್ತಾರೆ. ಆದ್ದರಿಂದ ಸಂಸ್ಥೆಯು ಹೊಸ ಹೆಸರನ್ನು ಕೊಂಡರೂ ಹಳೆಯದರ ನವೀಕರಣವನ್ನು ನಿಲ್ಲಿಸದೆ, ಅಲ್ಲಿಗೆ ಬಂದವರನ್ನು ಹೊಸ ತಾಣಕ್ಕೆ ಕಳುಹಿಸುವಂತೆ ಮಾಡಿರಬೇಕು. ನವೀಕರಿಸದೆ ಬಿಟ್ಟ ಹೆಸರನ್ನು ನಿಗದಿತ ಕಾಲ ಕಳೆದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನು ಶಾಲೆಯ ಹೆಸರಿನಲ್ಲೇ ದೇಣಿಗೆ ಕೇಳಿದರೂ ಡಿ.ಎನ್.ಎಸ್. ಅದನ್ನು ತಡೆಯಲಾರದು. ನೋಂದಣಿಯನ್ನು ಒಮ್ಮೆಗೆ ಹತ್ತು ವರ್ಷದವರೆಗೂ ಮಾಡಿಸಬಹುದು. ಅದು ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು, ಉತ್ಸಾಹದಿಂದ ಮಾಡಿಕೊಟ್ಟ ಯಾವುದೋ ಹಳೆಯ ವಿದ್ಯಾರ್ಥಿಯ ಅಥವಾ ಗಣಕದ ಅಂಗಡಿಯವನ ಹೆಸರಿನಲ್ಲಲ್ಲ; ಗುಪ್ತಪದವು ಆಸ್ತಿಪತ್ರಗಳ ಜೊತೆಗೆ ಕಚೇರಿಯ ಬೀರುವಿನಲ್ಲಿರಬೇಕು.